ಅಮ್ಮ ಎಲ್ಲಿ ಎಂದು ಕೇಳುವುದು ಸೇಡಲ್ಲ

ಬೆಂಗಳೂರಿನ ಶಕೀರಾ ಖಲೀಲಿ ಕೊಲೆ ಪ್ರಕರಣದ ಮೇಲೆ 2023ರಲ್ಲಿ ‘ಡ್ಯಾನ್ಸಿಂಗ್ ಆನ್ ದ ಗ್ರೇವ್’ ಎಂಬ ಸರಣಿ ಬಂತು. ನಮ್ಮ ಯುವಮಿತ್ರರಲ್ಲಿ ಹಲವರು ನೋಡಿದ್ದಾರೆ. ನೋಡಿದವರ ಬಾಯಲ್ಲಿ ಉಳಿದ ಹೆಸರು ಸ್ವಾಮಿ ಶ್ರದ್ಧಾನಂದ, ಅಂದರೆ ಕೊಂದವನದು. ಅವನು ಪೆಟ್ಟಿಗೆ ಮಾಡಿಸಿದ್ದು, ಮೊದಲೇ ಗುಂಡಿ ತೋಡಿಸಿದ್ದು ಎಲ್ಲವೂ ನೆನಪಿದೆ. ಅವನ ಸುಳ್ಳನ್ನು ಬಿಡದೆ ಬೆನ್ನು ಹತ್ತಿದ ಮಗಳ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಆಕೆಯ ಹೆಸರು ಸಬಾ.

ಶಕೀರಾ ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ದೊಡ್ಡ ಮನೆತನ, ರಿಚ್ಮಂಡ್ ರಸ್ತೆಯಲ್ಲಿ ದೊಡ್ಡ ಮನೆ. 1986ರಲ್ಲಿ ಎರಡನೆಯ ಮದುವೆಯಾದದ್ದು ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು. 1991ರ ಮೇ 28ರ ನಂತರ ಆಕೆಯನ್ನು ಯಾರೂ ಕಾಣಲಿಲ್ಲ. ಮುಂಬೈಯಲ್ಲಿದ್ದ ಮಗಳು ವಿಚಾರಿಸಿದಾಗಲೆಲ್ಲ ಅವನದು ಒಂದೊಂದು ಕಥೆ. ಕೊನೆಗೆ, ಬಸುರಿಯಾಗಿದ್ದಾರೆ, ಅಮೆರಿಕದ ಆಸ್ಪತ್ರೆಯಲ್ಲಿದ್ದಾರೆ ಎಂದ. ಮಗಳು ಆ ಆಸ್ಪತ್ರೆಯನ್ನೇ ವಿಚಾರಿಸಿದಳು. ಅಂಥ ಹೆಸರಿನವರು ಇಲ್ಲವೆಂದರು. ಆಮೇಲೆ ಅವನು ಮುಂಬೈಗೆ ಬಂದಿದ್ದಾಗ ಅವನ ಹತ್ತಿರವೇ ಅಮ್ಮನ ಪಾಸ್‌ಪೋರ್ಟ್ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲಿ, ಅಮ್ಮ ಅಮೆರಿಕದಲ್ಲಿ!

1992ರ ಜೂನ್‌ನಲ್ಲಿ ಅಶೋಕನಗರ ಠಾಣೆಗೆ ದೂರು ಹೋಯಿತು. ಮತ್ತೂ ಸುಮಾರು ಎರಡು ವರ್ಷ ಕಾಯಬೇಕಾಯಿತು. ತನಿಖೆ ಸಿಸಿಬಿ ಪೊಲೀಸರಿಗೆ ಹೋದ ಮೇಲೆ, 1994ರ ಏಪ್ರಿಲ್ 30ರಂದು ಅದೇ ಮನೆಯ ಹಿತ್ತಲು ಅಗೆದಾಗ ಪೆಟ್ಟಿಗೆ ಸಿಕ್ಕಿತು. ಒಳಗೆ ಅಸ್ಥಿ. ಕೈಯ ಆಭರಣಗಳನ್ನು ಗುರುತಿಸಿದವರು ಶಕೀರಾ ಅವರ ಹೆತ್ತ ತಾಯಿ.

ಇಂಥ ಮನೆಯವರಿಗೆ ಕ್ರೈಸ್ತರಾದ ನಾವು ಏನು ಹೇಳುತ್ತೇವೆ? “ಹೋದವರು ತಿರುಗಿ ಬರ್ತಾರಾ? ದೇವರಿಗೆ ಬಿಟ್ಟುಬಿಡಿ, ಕ್ಷಮಿಸಿಬಿಡಿ.” ಈ ಮಾತನ್ನು ನಾವು ಒಪ್ಪುವುದಿಲ್ಲ. ಸಾನಮಾವು ಕಾಡಿನಿಂದ ಆನೆ ಬಂದು ರಾಗಿ ಹೊಲ ತುಳಿದರೆ ಬೆಳಗಾಗುವುದರೊಳಗೆ ಅರಣ್ಯ ಇಲಾಖೆಗೆ ಅರ್ಜಿ ಬರೆಯುತ್ತೇವೆ. ಅದನ್ನು ಯಾರೂ ಸೇಡು ಎನ್ನುವುದಿಲ್ಲ, ಆನೆಯನ್ನು ಕ್ಷಮಿಸಿಬಿಡು ಎಂದು ರೈತನಿಗೆ ಬುದ್ಧಿ ಹೇಳುವುದಿಲ್ಲ. ರಾಗಿಗೆ ಇರುವ ಲೆಕ್ಕ ಮನುಷ್ಯಳ ಪ್ರಾಣಕ್ಕೆ ಯಾಕಿಲ್ಲ?

ಆದಿಕಾಂಡ ತೆರೆದು ನೋಡಿ. ಹೇಬೆಲ ಸತ್ತ ಮೇಲೆ ದೇವರು ಕಾಯಿನನನ್ನು ಕೇಳಿದ್ದು ತಮ್ಮನೆಲ್ಲಿ ಎಂದು. ಗೊತ್ತಿಲ್ಲ ಎಂದು ಕಾಯಿನ ಜಾರಿಕೊಂಡ. ರಿಚ್ಮಂಡ್ ರಸ್ತೆಯ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಜಾರಿಕೆ. ಆ ಪ್ರಶ್ನೆಯನ್ನು ಬಿಡದೆ ಕೇಳಿದವಳು ಒಬ್ಬ ಮುಸ್ಲಿಂ ಹೆಣ್ಣುಮಗಳು ಎಂಬುದನ್ನು ಬೈಬಲ್ ಕೈಯಲ್ಲಿ ಹಿಡಿದವರು ಸ್ವಲ್ಪ ಯೋಚಿಸಬೇಕು. ಸಂತ ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆಯೂ ನ್ಯಾಯಾಧೀಶನ ಬಾಗಿಲು ಬಿಡಲಿಲ್ಲ. ಯೇಸುಸ್ವಾಮಿ ಅವಳನ್ನು ಗದರಿದರೇ?

ಹಾಗಾದರೆ ಸಿಸ್ಟರ್ ರಾಣಿ ಮರಿಯ ಅವರ ಕಥೆ ಏನು ಎನ್ನುತ್ತೀರಿ. 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ ಕೊಲೆಯಾದ ಆ ಕನ್ಯಾಸ್ತ್ರೀಯ ತಂಗಿ, ಕೊಂದವನಿಗೆ ರಾಖಿ ಕಟ್ಟಿದರು. ನಿಜ, ನಮಗೂ ಕಣ್ಣು ತುಂಬುತ್ತದೆ. ಆದರೆ ರಾಖಿ ಕಟ್ಟಿದ್ದು 2002ರಲ್ಲಿ, ಜೈಲಿನಲ್ಲಿ. ಯಾರು ಕೊಂದರು ಎಂಬುದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಕ್ಷಮಿಸಲು ಒಂದು ಮುಖ ಬೇಕಲ್ಲ! ಅಮ್ಮ ಅಮೆರಿಕದಲ್ಲಿದ್ದಾಳೆ ಎನ್ನುವವನಿಗೆ ಯಾವ ತಪ್ಪನ್ನು ಕ್ಷಮಿಸುವುದು? ಒಡಿಶಾದಲ್ಲಿ ಗಂಡ, ಇಬ್ಬರು ಮಕ್ಕಳನ್ನು ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಅವರೂ ಕ್ಷಮೆ ಬೇರೆ, ಕಾನೂನು ಬೇರೆ ಎಂದೇ ನಿಂತರು.

ಶ್ರದ್ಧಾನಂದನನ್ನು ಗಲ್ಲಿಗೇರಿಸಲಿಲ್ಲವೆಂದು ಸಿಟ್ಟಾಗುವವರೂ ನಮ್ಮಲ್ಲಿದ್ದಾರೆ. ಅವರೊಂದಿಗೂ ನಮಗೆ ಜಗಳವಿದೆ. 2005ರಲ್ಲಿ ಕೆಳ ನ್ಯಾಯಾಲಯ ಮರಣದಂಡನೆ ಕೊಟ್ಟಿತು, ಹೈಕೋರ್ಟ್ ಎತ್ತಿಹಿಡಿಯಿತು. 2008ರ ಜುಲೈ 22ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದು, ಸಾಯುವ ತನಕ ಬಿಡುಗಡೆಯಿಲ್ಲದ ಜೈಲು ಎಂದಿತು. ಕಾಯಿನನನ್ನೂ ಯಾರೂ ಕೊಲ್ಲದಂತೆ ದೇವರು ಗುರುತಿಟ್ಟರು. ಪೋಪ್ ಫ್ರಾನ್ಸಿಸ್ 2018ರಲ್ಲಿ ಧರ್ಮೋಪದೇಶವನ್ನೇ ತಿದ್ದಿಸಿ ಮರಣದಂಡನೆ ಸಲ್ಲದು ಎಂದರು. ಸತ್ಯ ಹೊರಬರಲು ಹಗ್ಗ ಬೇಕಾಗಲಿಲ್ಲ. ಒಬ್ಬ ಮಗಳ ಹಟ ಬೇಕಾಯಿತು.

ಎಲ್ಲ ಮನೆಯಲ್ಲೂ ದಿವಾನರ ವಂಶವಿರುವುದಿಲ್ಲ, ಪರದೇಶದ ಆಸ್ಪತ್ರೆಯನ್ನು ವಿಚಾರಿಸುವ ಅನುಕೂಲವಿರುವುದಿಲ್ಲ. ನಮ್ಮ ಕಡೆಯ ಎಷ್ಟೋ ಅಜ್ಜಿಯರು ಮನೆಯಲ್ಲಿ ಆಡುವುದು ಕನ್ನಡ, ತೆಲುಗು. ಠಾಣೆಯ ಬರವಣಿಗೆ ನಡೆಯುವುದು ತಮಿಳಿನಲ್ಲಿ. ಇಂಥ ಮನೆಗೆ ಜಪಸರ ಪ್ರಾರ್ಥನೆಗೆ ಹೋದಾಗ, ನಾಳೆ ಠಾಣೆಗೆ ಜೊತೆಗೆ ಯಾರು ಬರುತ್ತೀರಿ ಎಂದೂ ಅಲ್ಲೇ ಕೇಳೋಣ. ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ದೂರು ಬರೆದುಕೊಡೋಣ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕೆಂದು ಕಾನೂನೇ ಇದೆ. ಕೇಳಿ ಇಸಿದುಕೊಂಡೇ ಎದ್ದು ಬರೋಣ.