ಮೊದಲು ಕರೆಂಟು, ಆಮೇಲೆ ಸ್ವರ

ಪವರ್ ಸಪ್ಲೈ ಸರ್ಕ್ಯೂಟನ್ನು ರೆಕಾರ್ಡಿನಲ್ಲಿ ಅಂದವಾಗಿ ಬಿಡಿಸಿ ಪೂರ್ತಿ ಅಂಕ ಪಡೆದವನು ನಾನು. ರಜೆಯಲ್ಲಿ ಒಂದು ಪುಟ್ಟ ಮಾಡ್ಯುಲರ್ ಸಿಂಥಸೈಜರ್‌ಗೆ ಅದನ್ನೇ ಕಟ್ಟಲು ಕೂತು, ಮೊದಲ ದಿನವೇ ಐಸಿ ಸುಟ್ಟೆ.

ಈ ವಾದ್ಯದಲ್ಲಿ ಸ್ವರ ಹುಟ್ಟಿಸಲು ಒಂದು ಮಾಡ್ಯೂಲ್, ಸೋಸಲು ಇನ್ನೊಂದು. ಎಲ್ಲಕ್ಕೂ ಪ್ಲಸ್ 12, ಮೈನಸ್ 12 ವೋಲ್ಟ್ ಮತ್ತು ಗ್ರೌಂಡ್ ಬೇಕು. ಪ್ಲಸ್‌ಗೆ 7812, ಮೈನಸ್‌ಗೆ 7912 ರೆಗ್ಯುಲೇಟರ್. ನೋಡಲು ಅವಳಿ ಜವಳಿ. ಆದರೆ ಬರಹ ನಮ್ಮ ಕಡೆಗಿರುವಾಗ 7812ರ ಎಡಗಾಲು ಇನ್‌ಪುಟ್, 7912ರದ್ದು ಗ್ರೌಂಡ್. ನಾನು ಎರಡನ್ನೂ ಒಂದೇ ರೀತಿ ಬೆಸೆದಿದ್ದೆ. ಕೆಂಪು ಎಂದರೆ ಪ್ಲಸ್ ಎಂದು ಕಲಿತಿದ್ದೇವೆ. ಯೂರೋರ್‍ಯಾಕ್ ಮಾದರಿಯ ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಮಾತ್ರ ಮೈನಸ್ 12ರ ಕಡೆಗಿರುತ್ತದೆ.

ಇಲ್ಲಿ 1 ವೋಲ್ಟ್ ಏರಿದರೆ ಸ್ವರ ಒಂದು ಸಪ್ತಕ ಏರುತ್ತದೆ. ಹಾಗಾಗಿ ಸಪ್ಲೈ ಅಲುಗಿದರೆ ಶ್ರುತಿಯೂ ಅಲುಗೀತು. ಗಂಗೂಬಾಯಿ ಹಾನಗಲ್ ಅವರ ಹುಬ್ಬಳ್ಳಿಯಲ್ಲಿ ತಂಬೂರಿ ಶ್ರುತಿಗೂಡದೆ ಯಾರೂ ಹಾಡಲು ಶುರು ಮಾಡುವುದಿಲ್ಲ. ಮಾಡ್ಯೂಲ್ ಜೋಡಿಸುವ ಮೊದಲು ಮಲ್ಟಿಮೀಟರ್ ಹಿಡಿಯುವುದೂ ಅಂಥದ್ದೇ.

ಉಪನ್ಯಾಸಕರಲ್ಲಿ ನನ್ನ ವಿನಂತಿ: ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸಪ್ಲೈ ಕೈಯಾರೆ ಕಟ್ಟಲಿ. 230 ವೋಲ್ಟಿನ ಭಾಗವನ್ನು ನಿಮ್ಮ ಎದುರಿಗೇ ಜೋಡಿಸುತ್ತೇವೆ. ಸುಟ್ಟ ಐಸಿ ಕಲಿಸಿದ್ದನ್ನು ನನ್ನ ರೆಕಾರ್ಡು ಕಲಿಸಿರಲಿಲ್ಲ.