ಉಪ್ಪಿನ ಭರಣಿ ಎಲ್ಲಿದೆ?



ಇಪ್ಪತ್ತು ದಿನಗಳ ಹಿಂದೆ ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನದಲ್ಲಿ ಪರಿಚಯದ ಗೃಹಿಣಿಯೊಬ್ಬರು ಸಿಕ್ಕಿದರು. ಪ್ರಸಾದ ಹಿಡಿದು ಹೊರಬಂದವರ ಕಣ್ಣು ತುಂಬಿತ್ತು.

“ಎಂತ ಹೇಳುದು ಅಕ್ಕ, ಮಗಳು ಮೊದಲಿನ ಹಾಗೆ ಇಲ್ಲ. ಮಾತಾಡಿಸಿದ್ರೆ ಸಿಟ್ಟು, ಸುಮ್ಮನಿದ್ರೆ ಅಳು. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಒಳ್ಳೆ ಮಾರ್ಕು ತೆಗೆದವಳು, ಈಗ ಕಾಲೇಜೇ ಬೇಡ ಹೇಳ್ತಾಳೆ.”

ವಿಚಾರಿಸಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ವಿಜ್ಞಾನ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷು. ‘ದ್ಯುತಿಸಂಶ್ಲೇಷಣೆ’ ಎಂದು ಕಲಿತದ್ದು ‘ಫೋಟೋಸಿಂಥೆಸಿಸ್’ ಆಗಿದೆ, ‘ವೇಗೋತ್ಕರ್ಷ’ ‘ಆಕ್ಸಲರೇಶನ್’ ಆಗಿದೆ. ಗೊತ್ತಿದ್ದುದೇ ಗೊತ್ತಿಲ್ಲದಂತಾಗಿದೆ! ಗೆಳತಿಯರು ಬೇರೆ ಬೇರೆ ಕಾಲೇಜಿಗೆ ಹೋದರು. ಪ್ರಶ್ನೆ ಕೇಳಿದರೆ ಎಲ್ಲಿ ನಗುತ್ತಾರೋ ಎಂಬ ಅಂಜಿಕೆ. ಇದನ್ನು ಹಠ ಎನ್ನೋಣವೇ?

ನನ್ನ ಕತೆಯನ್ನೇ ಹೇಳುತ್ತೇನೆ. ತವರಿನಲ್ಲಿ ಹತ್ತು ಜನರಿಗೆ ಅಡುಗೆ ಮಾಡುತ್ತಿದ್ದ ನಾನು, ಅತ್ತೆಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆ ಎಂದು ಕೇಳಲು ನಾಚಿ ಸಾರಿಗೆ ಉಪ್ಪೇ ಹಾಕದೆ ಬಡಿಸಿದ್ದೆ! ಅತ್ತೆಯವರು ಬೈಯಲಿಲ್ಲ. ಮರುದಿನ ಭರಣಿ ಒಲೆಯ ಪಕ್ಕದಲ್ಲೇ ಇತ್ತು. ಮಕ್ಕಳಿಗೂ ಬೇಕಾದದ್ದು ಇಷ್ಟೇ. ಉಪದೇಶ ಬೇಡ, ಭರಣಿ ಕೈಗೆ ಸಿಗಬೇಕು.

ಈ ಪ್ರಾಯದಲ್ಲಿ ದೇಹವೂ ಬದಲಾಗುತ್ತಿರುತ್ತದೆ. ರಾತ್ರಿ ನಿದ್ದೆ ತಡವಾಗಿ ಹತ್ತುವುದು ಹದಿಹರೆಯದ ಸಹಜ ಗುಣ. ಆದರೂ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಏಳದಿದ್ದರೆ ಎಲ್ಲವೂ ಸೋಮಾರಿತನವಲ್ಲ. ಮಲಗುವ ಒಂದು ಗಂಟೆ ಮೊದಲೇ ಮೊಬೈಲು ಬದಿಗಿಡಲಿ. ಈ ನಿಯಮ ನಮಗೂ ಇರಲಿ, ಆಗ ಅವರೂ ಒಪ್ಪುತ್ತಾರೆ.

ಸಂಜೆ ಬಂದೊಡನೆ “ಎಷ್ಟು ಮಾರ್ಕು?” ಎನ್ನಬೇಡಿ. ಬಿಸಿ ಗೋಳಿಬಜೆ ಮುಂದಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಮಾತು ತಾನಾಗಿ ಬರಲಿ. ಹತ್ತನೆಯ ತರಗತಿಯ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ದಿನಕ್ಕೆ ಹತ್ತರಂತೆ ಬರೆಯಲಿ. ನಿಮಗೆ ಇಂಗ್ಲಿಷು ಬಾರದಿದ್ದರೂ ಚಿಂತೆಯಿಲ್ಲ, ನೀವು ಕನ್ನಡದ್ದು ಓದಿ, ಅವಳು ಇಂಗ್ಲಿಷಿನದು ಹೇಳಲಿ. ಕಾಲೇಜಿಗೆ ಹೋಗಿ ಉಪನ್ಯಾಸಕರಲ್ಲಿ ಒಮ್ಮೆ ಮಾತಾಡಿ ಬನ್ನಿ. “ಪಕ್ಕದ ಮನೆಯವಳನ್ನು ನೋಡು” ಎಂಬ ಮಾತಂತೂ ಬೇಡವೇ ಬೇಡ.

ಆದರೆ ಎಚ್ಚರವೂ ಇರಲಿ. ಎರಡು ವಾರ ಕಳೆದರೂ ಊಟ-ನಿದ್ದೆ ಸರಿಹೋಗದೆ, ಯಾರೊಂದಿಗೂ ಬೆರೆಯದೆ ಇದ್ದರೆ ವೈದ್ಯರಿಗೆ ತೋರಿಸಿ. ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ ತಡಮಾಡಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜನ ಏನೆನ್ನುತ್ತಾರೋ ಎಂಬ ಸಂಕೋಚಕ್ಕಿಂತ ಮಗು ದೊಡ್ಡದು.

ಮೊನ್ನೆ ಆ ತಾಯಿಯ ಫೋನು ಬಂತು. ಮಗಳು ಅಟ್ಟದಿಂದ ಹಳೆಯ ವಿಜ್ಞಾನ ಪುಸ್ತಕ ಇಳಿಸಿಕೊಂಡಿದ್ದಾಳಂತೆ. “ಈಗ್ಲೂ ಅಳ್ತಾಳೆ ಅಕ್ಕ, ಆದ್ರೆ ಯಾಕೆ ಅಂತ ಹೇಳ್ತಾಳೆ.”

ಅಷ್ಟಾದರೆ ಅರ್ಧ ದಾರಿ ಕಳೆದಂತೆಯೇ. ನಿಮ್ಮ ಮನೆಯ ಹುಡುಗ-ಹುಡುಗಿಯರು ಹೇಗಿದ್ದಾರೆ? ಬರೆಯುತ್ತೀರಲ್ಲ?