ಅಗ್ಗದ ಗಿಟಾರು, ದುಬಾರಿ ಮಾತು

ಅಗ್ಗ ಎಂಬುದು ಒಂದು ಮಾತು. ಕಳಪೆ ಎಂಬುದು ಇನ್ನೊಂದು ಮಾತು. ಒಂದು ಬೆಲೆಯನ್ನು ಹೇಳುತ್ತದೆ, ಇನ್ನೊಂದು ಗುಣವನ್ನು ಹೇಳುತ್ತದೆ. ನಿಘಂಟಿನಲ್ಲಿ ಇವೆರಡರ ನಡುವೆ ನೂರಾರು ಪುಟಗಳ ಅಂತರವಿದೆ. ಆದರೆ ನಮ್ಮ ಪಟ್ಟಣಗಳ ವಾದ್ಯದ ಅಂಗಡಿಗಳಲ್ಲಿ, ಅದರಲ್ಲಿಯೂ ಎಲೆಕ್ಟ್ರಿಕ್ ಗಿಟಾರುಗಳನ್ನು ಸಾಲಾಗಿ ತೂಗುಹಾಕಿದ ಗೋಡೆಯ ಮುಂದೆ, ಆ ಅಂತರ ಮಾಯವಾಗಿಬಿಡುತ್ತದೆ. ಅಗ್ಗವಾದುದೆಲ್ಲ ಕಳಪೆ, ದುಬಾರಿಯಾದುದೆಲ್ಲ ಶ್ರೇಷ್ಠ ಎಂಬ ಸಿದ್ಧಾಂತವೊಂದು ಅಲ್ಲಿ ಬೇರೂರಿದೆ. ಈ ಸಿದ್ಧಾಂತ ಸುಳ್ಳೆಂದೂ, ಬರಿಯ ಸುಳ್ಳಲ್ಲ, ಕೆಡುಕಿನ ಸುಳ್ಳೆಂದೂ ಹೇಳುವುದಕ್ಕಾಗಿ ಈ ನಾಲ್ಕು ಮಾತು.

ಕನ್ನಡ ಮೇಷ್ಟರಿಗೆ ರಾಕ್ ಸಂಗೀತದ ಉಸಾಬರಿ ಏಕೆಂದು ವಾಚಕರು ಕೇಳಿಯಾರು. ಕಾಲೇಜಿನ ಸಂಗೀತ ಸಂಘದ ಹೊಣೆ ಯಾರೂ ಒಲ್ಲದ ಹೊಣೆ. ಅದು ಸಾಮಾನ್ಯವಾಗಿ ಕನ್ನಡ ಅಧ್ಯಾಪಕನ ಹೆಗಲಿಗೇ ಬಂದು ಕೂರುತ್ತದೆ. ನಾನು ಗಿಟಾರು ನುಡಿಸುವವನಲ್ಲ. ಆದರೆ ನುಡಿಸುವ ಹುಡುಗರೊಡನೆ ಅಂಗಡಿಗಳನ್ನು ಅಲೆದಿದ್ದೇನೆ. ಅವರ ಅಭ್ಯಾಸದ ಕೊಠಡಿಯಲ್ಲಿ ಕಿವಿ ಮುಚ್ಚಿಕೊಳ್ಳದೆ ಕುಳಿತಿದ್ದೇನೆ. ಈ ಹುಡುಗರು ಕಟ್ಟುವುದು ‘ಕವರ್ ಬ್ಯಾಂಡ್’. ಎಂದರೆ, ಹೆಸರಾದ ತಂಡಗಳ ಹಾಡುಗಳನ್ನು ಕಲಿತು, ಕಾಲೇಜಿನ ಉತ್ಸವದಲ್ಲಿಯೋ ಬಡಾವಣೆಯ ಸಭಾಂಗಣದಲ್ಲಿಯೋ ಹಾಡಿ ನುಡಿಸುವ ತಂಡ.

ಇಂಥ ತಂಡವೊಂದರಲ್ಲಿದ್ದ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಸಹಕಾರ ಸಂಘದಲ್ಲಿ ಗುಮಾಸ್ತರು. ಹುಡುಗನ ಬೆರಳು ಚುರುಕು, ತಾಳ ಭದ್ರ. ಅವನ ಬಳಿ ಕೂಡಿಟ್ಟ 20 ಸಾವಿರ ರೂಪಾಯಿಯಿತ್ತು. ಅಂಗಡಿಯಾತ ಅದನ್ನು ಕೇಳಿ ನಕ್ಕು, “ಅಷ್ಟಕ್ಕೆ ಆಟದ ಸಾಮಾನು ಬರುತ್ತದೆ” ಎಂದು, 90 ಸಾವಿರದ ಗಿಟಾರೊಂದನ್ನು ಇಳಿಸಿ, ಎರಡು ವರ್ಷದ ಕಂತಿನ ಲೆಕ್ಕವನ್ನೂ ಬರೆದುಕೊಟ್ಟನು. ತಂಡದ ಹಿರಿಯ ಹುಡುಗರು ತಲೆದೂಗಿದರು. ತಂದೆಯ ಮುಂದೆ ಆ ಕಂತಿನ ಚೀಟಿ ಹಿಡಿಯಲು ಹುಡುಗನಿಗೆ ನಾಚಿಕೆಯಾಯಿತು. ಆತ ಗಿಟಾರನ್ನೂ ಕೊಳ್ಳಲಿಲ್ಲ, ತಂಡದಲ್ಲಿಯೂ ಉಳಿಯಲಿಲ್ಲ. ಯಾವ ಕಳಪೆ ವಾದ್ಯವೂ ಆ ತಂಡದ ಸಂಗೀತವನ್ನು ಇಷ್ಟು ಕೆಡಿಸುತ್ತಿರಲಿಲ್ಲ. ನಾನು ಕೆಡುಕಿನ ಸುಳ್ಳು ಎಂದದ್ದು ಇದನ್ನೇ.

ಈ ಸುಳ್ಳಿನ ಮೂಲ ನಮ್ಮವೇ ವಾದ್ಯಗಳಿಂದ ಕಲಿತ ಒಂದು ಸತ್ಯದಲ್ಲಿದೆ. ವೀಣೆಯನ್ನು ನೋಡಿ. ತಂತಿ ಮಿಡಿದರೆ ಆ ಕಂಪನ ಕುದುರೆಯ ಮೂಲಕ ಕೊಡಕ್ಕಿಳಿದು, ಅಲ್ಲಿನ ಗಾಳಿಯನ್ನು ಅಲುಗಿಸಿ ನಾದವಾಗುತ್ತದೆ. ಹಲಸಿನ ಮರ ಎಷ್ಟು ಮಾಗಿದೆ, ಕೊಡವನ್ನು ಎಷ್ಟು ತೆಳುವಾಗಿ ತೋಡಿದ್ದಾರೆ ಎಂಬುದರ ಮೇಲೆ ವೀಣೆಯ ಬಾಳು ನಿಂತಿದೆ. ಅಲ್ಲಿ ಮರಕ್ಕೆ ಕೊಟ್ಟ ಹಣ ನಾದಕ್ಕೆ ಕೊಟ್ಟ ಹಣ. ಎಲೆಕ್ಟ್ರಿಕ್ ಗಿಟಾರಿಗೂ ಇದೇ ನ್ಯಾಯವನ್ನು ಹಚ್ಚುತ್ತಾರೆ. ಆದರೆ ಅದಕ್ಕೆ ಕೊಡವೇ ಇಲ್ಲವಲ್ಲ! ಅದು ಗಟ್ಟಿ ಹಲಗೆ. ಅದರ ತಂತಿಗಳ ಕೆಳಗೆ ಅಯಸ್ಕಾಂತಗಳಿವೆ. ಅವುಗಳ ಸುತ್ತ ಕೂದಲಿಗಿಂತ ಸಣ್ಣದಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ತತ್ತ್ವವೇ ಇದು. ಆ ವಿದ್ಯುತ್ತು ಆಂಪ್ಲಿಫೈಯರಿಗೆ ಹೋಗಿ ಹಿಗ್ಗಿ, ಸ್ಪೀಕರಿನಲ್ಲಿ ನಾದವಾಗುತ್ತದೆ. ಆದ್ದರಿಂದ ಈ ವಾದ್ಯದ ಕೊಡ ಯಾವುದೆಂದರೆ ಸ್ಪೀಕರು. ಮರದ ಪಾತ್ರ ಸ್ವಲ್ಪ ಇದ್ದೀತು. ಡ್ರಮ್ಮಿನ ಅಬ್ಬರದ ಮಧ್ಯೆ, ನಾದವನ್ನು ಬೇಕೆಂದೇ ಒರಟುಗೊಳಿಸಿ ನುಡಿಸುವ ರಾಕ್ ಸಂಗೀತದಲ್ಲಿ, ಆ ಸ್ವಲ್ಪವನ್ನು ಕೇಳಬಲ್ಲ ಕಿವಿ ಸಭೆಯಲ್ಲಿ ಎಷ್ಟಿವೆ?

ಇನ್ನು ಇತಿಹಾಸ. ದುಬಾರಿ ಪಕ್ಷದವರು ಪೂಜಿಸುವ ಹೆಸರುಗಳಲ್ಲಿ ಫೆಂಡರ್ ಮೊದಲನೆಯದು. ಈ ಲಿಯೋ ಫೆಂಡರ್ ಯಾರು? ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಸ್ವತಃ ಗಿಟಾರು ನುಡಿಸಲು ಬಾರದವನು. 1950ರಲ್ಲಿ ಆತ ಮಾರುಕಟ್ಟೆಗೆ ತಂದು, 1951ರಲ್ಲಿ ಟೆಲಿಕಾಸ್ಟರ್ ಎಂದು ಹೆಸರಿಟ್ಟ ವಾದ್ಯ ಚಪ್ಪಟೆ ಹಲಗೆಗೆ ದಂಡಿಯನ್ನು ಸ್ಕ್ರೂಗಳಿಂದ ಬಿಗಿದದ್ದು. ದಂಡಿ ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದಾಗಿತ್ತು. ಕಾರ್ಖಾನೆಯಲ್ಲಿ ಬೇಗ ಮಾಡಬಹುದಾದ, ದುಡಿಯುವ ವಾದ್ಯಗಾರ ಕೊಳ್ಳಬಹುದಾದ ವಾದ್ಯ ಅದು. ಇಂದು ಅದರ ಹಳೆಯ ಪ್ರತಿಗಳು ತಿಜೋರಿಯ ವಸ್ತುಗಳಾಗಿವೆ. ಆದರೆ ಹುಟ್ಟಿದಾಗ ಅದು ತಿಜೋರಿಗಾಗಿ ಹುಟ್ಟಲಿಲ್ಲ.

ಡ್ಯಾನೆಲೆಕ್ಟ್ರೋ ಎಂಬ ಇನ್ನೊಂದು ಅಮೆರಿಕನ್ ಗಿಟಾರು. ಮರದ ಚೌಕಟ್ಟಿನ ಮೇಲೆ ಮೇಸೊನೈಟ್ ಎಂಬ ಒತ್ತುಹಲಗೆ. ಪಿಕಪ್‌ಗಳನ್ನು ಕೂರಿಸಿದ್ದು ಲಿಪ್‌ಸ್ಟಿಕ್ಕಿನ ಕೊಳವೆಗಳಲ್ಲಿ. ಸಿಯರ್ಸ್ ಮಳಿಗೆ ಇದನ್ನು ಸಿಲ್ವರ್‌ಟೋನ್ ಎಂಬ ಹೆಸರಿನಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಮಾರಿತು. ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ಸಾವಿರಾರು ಜನರ ಮುಂದೆ ‘ಕಾಶ್ಮೀರ್’ ಎಂಬ ಹಾಡಿಗೆ ಎತ್ತಿಕೊಳ್ಳುತ್ತಿದ್ದದ್ದು ಇಂಥದೊಂದು ಡ್ಯಾನೆಲೆಕ್ಟ್ರೋವನ್ನೇ. ನಿರ್ವಾಣ ತಂಡದ ಕರ್ಟ್ ಕೊಬೇನ್ ಮೆಚ್ಚಿದ ಮಸ್ಟಾಂಗ್ ಗಿಟಾರನ್ನು ಫೆಂಡರ್ ಕಂಪೆನಿ 1964ರಲ್ಲಿ ಹೊರತಂದದ್ದು ಕಲಿಯುವ ವಿದ್ಯಾರ್ಥಿಗಳಿಗಾಗಿ. ಕ್ವೀನ್ ತಂಡದ ಬ್ರಯಾನ್ ಮೇ ಅವರ ಕಥೆಯಂತೂ ನಮ್ಮ ಹುಡುಗರು ಬಾಯಿಪಾಠ ಮಾಡತಕ್ಕದ್ದು. ಹೆಸರಾದ ಗಿಟಾರು ಕೊಳ್ಳಲು ಹಣವಿಲ್ಲದ ಆ ಹುಡುಗ 1963ರಲ್ಲಿ ತಂದೆಯೊಡನೆ ಕುಳಿತು ತಾನೇ ಒಂದನ್ನು ಮಾಡತೊಡಗಿದ. ದಂಡಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಕುದುರೆಗೆ ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಮೆಟ್ಟಿಲುಗಳ ಗುರುತಿಗೆ ಮುತ್ತಿನ ಚಿಪ್ಪಿನ ಗುಂಡಿಗಳು. 2002ರಲ್ಲಿ ಎಲಿಜಬೆತ್ ರಾಣಿ ಸಿಂಹಾಸನವೇರಿದ ಸುವರ್ಣ ಮಹೋತ್ಸವ ನಡೆದಾಗ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಆತ ನುಡಿಸಿದ್ದು ಅದೇ ಗಿಟಾರನ್ನು. ಅರಮನೆಯ ಮೇಲೆ ಸಲ್ಲುವ ವಾದ್ಯ ನಮ್ಮ ಕಾಲೇಜಿನ ವೇದಿಕೆಯ ಮೇಲೆ ಸಲ್ಲದೆ?

ಇಷ್ಟು ಹೇಳಿದ ಮಾತ್ರಕ್ಕೆ ಎದುರು ಪಕ್ಷದಲ್ಲಿ ಹುರುಳೇ ಇಲ್ಲವೆಂದಲ್ಲ. ಅಗ್ಗವಾಗಿಯೂ ಕಳಪೆಯಾಗಿಯೂ ಇರುವ ಗಿಟಾರುಗಳಿವೆ. ಹೆಸರು ವಿಳಾಸವಿಲ್ಲದ, ಐದಾರು ಸಾವಿರಕ್ಕೆ ಪೆಟ್ಟಿಗೆಯಲ್ಲಿ ಬರುವ ವಾದ್ಯಗಳಲ್ಲಿ ಅನೇಕವು ಒಂದು ಹಾಡಿನ ಮಟ್ಟಿಗೂ ಶ್ರುತಿ ಹಿಡಿದು ನಿಲ್ಲುವುದಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಸರಿಯೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯಬಲ್ಲವಳೂ ಎಡವುತ್ತಾಳೆ. ಲಕ್ಷ ರೂಪಾಯಿ ದಾಟಿದ ಗಿಟಾರಿನಲ್ಲಿ ಬಿರಡೆಗಳು ಹೆಚ್ಚು ನಯ, ಮೆಟ್ಟಿಲುಗಳ ಅಂಚು ಹೆಚ್ಚು ನುಣುಪು, ಮರುಮಾರಾಟದ ಬೆಲೆಯೂ ಹೆಚ್ಚು. ಇದೆಲ್ಲ ನಿಜ. ಆದರೆ ಐದು ಪಾಲು ಹಣಕ್ಕೆ ಐದು ಪಾಲು ನಾದ ದೊರೆಯುವುದಿಲ್ಲ ಎಂಬುದೂ ಅಷ್ಟೇ ನಿಜ. ಗಣಕದ ಆಜ್ಞೆಯಂತೆ ಮರ ಕೊರೆಯುವ ಯಂತ್ರಗಳು ಬಂದ ಮೇಲೆ ಅಗ್ಗದ ಗಿಟಾರಿನ ಅಳತೆಯೂ ಕರಾರುವಾಕ್ಕಾಗಿದೆ. ಫೆಂಡರ್ ಕಂಪೆನಿಯೇ 1982ರಲ್ಲಿ ಸ್ಕ್ವಯರ್ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಯ ಗಿಟಾರುಗಳನ್ನು ತಂದಿತು. ಯಮಾಹಾದ ಪೆಸಿಫಿಕಾ 1990ರಿಂದ ಬರುತ್ತಿದೆ. ಐಬನೆಜ್ ಕಂಪೆನಿಯ ಜಿಯೋ ಸಾಲೂ ಇದೆ. ಸುಮಾರು 15ರಿಂದ 30 ಸಾವಿರದೊಳಗೆ ಇವುಗಳಲ್ಲಿ ಒಂದಲ್ಲ ಒಂದು ದೊರೆಯುತ್ತದೆ. ಅಗ್ಗ ಇಲ್ಲಿದೆ, ಕಳಪೆ ಇಲ್ಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಕವರ್ ಬ್ಯಾಂಡಿನ ಅಗತ್ಯವೇ ಬೇರೆ. ಸ್ವಂತ ಹಾಡು ಕಟ್ಟುವವನಿಗೆ ಒಂದೇ ಕಂಠ ಸಾಕು. ಹತ್ತು ಜನರ ಹಾಡು ಹಾಡುವವನಿಗೆ ಹತ್ತು ಕಂಠ ಬೇಕು. ಡೈರ್ ಸ್ಟ್ರೇಟ್ಸ್ ತಂಡದ 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಕೇಳುವುದು ಒಂಟಿ ಸುರುಳಿಯ ಪಿಕಪ್‌ನ ತಿಳಿಯಾದ ದನಿಯನ್ನು. ಎಸಿ ಡಿಸಿ ತಂಡದ 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಕೇಳುವುದು ಜೋಡಿ ಸುರುಳಿಯ ತುಂಬುದನಿಯನ್ನು. ಈ ಜೋಡಿ ಸುರುಳಿಗೆ ಹಂಬಕರ್ ಎಂದು ಹೆಸರು. 1955ರಲ್ಲಿ ಗಿಬ್ಸನ್ ಕಂಪೆನಿಯ ಸೆತ್ ಲವರ್ ಎಂಬ ಇಂಜಿನಿಯರ್ ರೂಪಿಸಿದ್ದು. ಒಂಟಿ ಸುರುಳಿ ಸುತ್ತಣ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಹಿಡಿದು ತರುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಆ ಗುಂಯ್ಕಾರ ಪರಸ್ಪರ ಅಳಿಸಿ, ತಂತಿಯ ನಾದ ಮಾತ್ರ ಕೂಡಿಬರುತ್ತದೆ. ಅರ್ಥಿಂಗ್ ಸರಿಯಿಲ್ಲದ ನಮ್ಮ ಕಲ್ಯಾಣಮಂಟಪಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಆದ್ದರಿಂದ ಕುದುರೆಯ ಬಳಿ ಒಂದು ಹಂಬಕರ್, ಮುಂದೆ ಎರಡು ಒಂಟಿ ಸುರುಳಿ ಇರುವ ಗಿಟಾರು ಇಂಥ ತಂಡಕ್ಕೆ ಅತ್ಯಂತ ಉಪಯುಕ್ತ.

ಎರಡನೆಯದು, ಕುದುರೆ ಗಟ್ಟಿಯಾಗಿ ಕೂತದ್ದಾಗಿರಲಿ. ಸ್ಪ್ರಿಂಗಿನ ಮೇಲೆ ತೇಲುವ ಕುದುರೆಯಲ್ಲಿ ಒಂದು ತಂತಿಯನ್ನು ಇಳಿಸಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಗನ್ಸ್ ಎನ್ ರೋಸಸ್ ತಂಡದ ಬಹಳಷ್ಟು ಹಾಡುಗಳಿಗೆ ಶ್ರುತಿಯನ್ನು ಅರ್ಧ ಸ್ವರ ಇಳಿಸಬೇಕು. ಮುಂದಿನ ಹಾಡಿಗೆ ಮತ್ತೆ ಏರಿಸಬೇಕು. ವೇದಿಕೆಯ ಮೇಲೆ ಅದಕ್ಕೆ ಅರ್ಧ ನಿಮಿಷವಿರುತ್ತದೆ, ಅರ್ಧ ಗಂಟೆಯಲ್ಲ.

ಮೂರನೆಯದು, ಬ್ರಾಂಡನ್ನು ಓದುವ ಮೊದಲು ವಾದ್ಯವನ್ನು ಓದಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಒಮ್ಮೆ ಮಿಡಿಯಿರಿ. ಅಲ್ಲಿಯೇ ಒತ್ತಿ ಇನ್ನೊಮ್ಮೆ ಮಿಡಿಯಿರಿ. ಎರಡೂ ಒಂದೇ ಸ್ವರವಾಗಿರಬೇಕು. ತುಸು ವ್ಯತ್ಯಾಸವಿದ್ದರೆ ಕುದುರೆಯನ್ನು ಸರಿಸಿ ಸರಿಪಡಿಸಬಹುದು. ಸರಿಸಿದರೂ ಹೋಗದಿದ್ದರೆ ವಾದ್ಯವನ್ನು ಅಲ್ಲಿಯೇ ಬಿಟ್ಟು ಬನ್ನಿ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ತಂತಿಯನ್ನು ಒತ್ತಿ ನುಡಿಸಿ, ಝೇಂಕರಿಸುತ್ತದೆಯೇ ಕೇಳಿ. ತಂತಿಯನ್ನು ಹತ್ತಾರು ಬಾರಿ ಜಗ್ಗಿ, ಶ್ರುತಿ ನಿಂತಿದೆಯೇ ನೋಡಿ. ದಂಡಿಯ ಅಂಚಿನಲ್ಲಿ ಅಂಗೈ ಸವರಿ. ಮೆಟ್ಟಿಲಿನ ತುದಿ ಚುಚ್ಚಬಾರದು. ಈ ನಾಲ್ಕು ಪರೀಕ್ಷೆಗೆ ಹತ್ತು ನಿಮಿಷ ಸಾಕು. ಇವುಗಳಲ್ಲಿ ತೇರ್ಗಡೆಯಾದ 20 ಸಾವಿರದ ಗಿಟಾರು, ತೇರ್ಗಡೆಯಾಗದ 90 ಸಾವಿರದ ಗಿಟಾರಿಗಿಂತ ಮೇಲು.

ಕೊನೆಯದು, ಹಣವನ್ನೆಲ್ಲ ಗಿಟಾರಿನ ಮೇಲೆಯೇ ಸುರಿಯಬಾರದು. ಕೈಯಲ್ಲಿ 40 ಸಾವಿರವಿದ್ದರೆ ಅರ್ಧ ಗಿಟಾರಿಗೆ, ಉಳಿದರ್ಧ ಆಂಪ್ಲಿಫೈಯರು, ಒಳ್ಳೆಯ ಕೇಬಲ್ಲು, ಹೊಸ ತಂತಿ ಮತ್ತು ವಾದ್ಯವನ್ನು ಹದಗೊಳಿಸುವ ಕುಶಲಕರ್ಮಿಯ ಕೂಲಿಗೆ. ದಂಡಿಯ ಬಾಗು, ತಂತಿಯ ಎತ್ತರ, ಕುದುರೆಯ ಸ್ಥಾನ ಇವನ್ನು ಸರಿಪಡಿಸಿದ ಅಗ್ಗದ ಗಿಟಾರು ಹೊಸ ಜನ್ಮ ತಾಳುತ್ತದೆ. ಮರ ಹವೆಗೆ ಹಿಗ್ಗಿ ಕುಗ್ಗುವುದರಿಂದ ಕರಾವಳಿಯ ಮಳೆಗಾಲದಲ್ಲಿಯೂ ಬಯಲುಸೀಮೆಯ ಬೇಸಗೆಯಲ್ಲಿಯೂ ಈ ಆರೈಕೆ ದುಬಾರಿ ಗಿಟಾರಿಗೂ ತಪ್ಪಿದ್ದಲ್ಲ. ಲಕ್ಷದ ಗಿಟಾರನ್ನು ಹತ್ತು ವಾಟಿನ ಪೆಟ್ಟಿಗೆಗೆ ಸಿಕ್ಕಿಸುವುದು ರೇಶಿಮೆಯ ಪಂಚೆಯುಟ್ಟು ಕೆಸರಿನಲ್ಲಿ ನಡೆದಂತೆ.

ಇನ್ನೊಂದು ವರ್ಗದ ಮಹನೀಯರಿದ್ದಾರೆ. “ಪರರ ಹಾಡನ್ನು ನಕಲು ಮಾಡುವ ಹುಡುಗರಿಗೆ ಇಷ್ಟಾದರೂ ಏಕೆ?” ಎನ್ನುತ್ತಾರೆ ಇವರು. ಇವರಿಗೆ ನಾನು ಉತ್ತರ ಹೇಳುವುದು ಕನ್ನಡದಿಂದಲೇ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂತು. ಹೆಸರೇ ಹೇಳುವಂತೆ ಅದು ಪರರ ಹಾಡು. ಆದರೆ ಹೊಸಗನ್ನಡ ಕವಿತೆ ಆ ಪರರ ಹಾಡಿನಲ್ಲಿಯೇ ತನ್ನ ನಡಿಗೆಯನ್ನು ಕಲಿತುಕೊಂಡಿತು. ನಮ್ಮ ವೃತ್ತಿನಾಟಕ ಕಂಪೆನಿಗಳು ಮರಾಠಿಯ ಮಟ್ಟುಗಳನ್ನು ಎರವಲು ತಂದು ಹಾಡಿದವು. ಅದರಿಂದ ಕನ್ನಡ ರಂಗಭೂಮಿ ಬಡವಾಗಲಿಲ್ಲ. ಪರರ ಹಾಡನ್ನು ಚೆನ್ನಾಗಿ ನುಡಿಸಲು ಕಲಿಯುವವನು ಕಿವಿಯನ್ನು ಸಾಣೆ ಹಿಡಿಯುತ್ತಿದ್ದಾನೆ. ಅವನೇ ನಾಳೆ ತನ್ನ ಹಾಡನ್ನು ಕಟ್ಟಿಯಾನು. ಕಟ್ಟದಿದ್ದರೂ ನಷ್ಟವಿಲ್ಲ, ನಾಲ್ಕು ಜನ ಕೂಡಿ ಒಂದೇ ತಾಳಕ್ಕೆ ನಡೆಯುವುದನ್ನು ಕಲಿತಿರುತ್ತಾನೆ. ಅದು ತರಗತಿಯಲ್ಲಿ ನಾವು ಕಲಿಸಲಾಗದ ಪಾಠ.

ಸಂಗೀತ ಹಣವಂತರ ಮಕ್ಕಳ ಸೊತ್ತಾಗಬಾರದು ಎಂಬುದೇ ನನ್ನ ಜಗಳದ ಮುಖ್ಯ ಅಂಶ. ಅಂಗಡಿಯವರು ಮಾರಲಿ, ಅದು ಅವರ ಕಸುಬು. ಆದರೆ ಬಡ ಹುಡುಗನ ಕಿಸೆಯನ್ನು ನೋಡಿ ನಗುವ ಹಕ್ಕು ಅವರಿಗಿಲ್ಲ. ಹಿರಿಯ ವಾದ್ಯಗಾರರು ತಮ್ಮ ಗಿಟಾರಿನ ಬೆಲೆಯನ್ನು ಕಿರಿಯರಿಗೆ ಹೇಳುವ ಬದಲು ತಂತಿಯ ಎತ್ತರವನ್ನು ಸರಿಪಡಿಸುವುದು ಹೇಗೆಂದು ಹೇಳಿಕೊಡಲಿ. ಕ್ರಿಕೆಟ್ಟಿನ ಬ್ಯಾಟು, ಪ್ಯಾಡುಗಳಿಗೆ ಹಣ ಕೊಡುವ ಕಾಲೇಜುಗಳು ಎರಡು ಅಗ್ಗದ ಗಿಟಾರುಗಳನ್ನೂ ಒಂದು ಆಂಪ್ಲಿಫೈಯರನ್ನೂ ಕೊಂಡು ಸಂಘದ ಕಪಾಟಿನಲ್ಲಿಡಲಿ. ತಂದೆತಾಯಿಗಳು ಮಗ ಕೇಳಿದ್ದನ್ನೆಲ್ಲ ಕೊಡಿಸಬೇಕಾಗಿಲ್ಲ, ಕೇಳಿದ್ದಕ್ಕೆಲ್ಲ ಹೆದರಬೇಕಾಗಿಯೂ ಇಲ್ಲ. ಸಾಲ ಮಾಡದೆ ಕೊಳ್ಳಬಹುದಾದ ಗಿಟಾರೇ ಹುಡುಗನಿಗೆ ಒಳ್ಳೆಯ ಗಿಟಾರು. ಮಿಕ್ಕದ್ದು ಬೆರಳಿಗೂ ಅಭ್ಯಾಸಕ್ಕೂ ಸೇರಿದ್ದು.